ಮೊಟ್ಟೆ ಒಡೆಯುವ ರಸ್ತೆ

ಬೆಲ್ಜಿಯಂನ ಗೆಂಟ್‌ಗೆ ಬಂದು ಆರು ವರ್ಷವಾಯಿತು. ಇಲ್ಲಿನ ಹಳೇ ಬೀದಿಗಳಿಗೆಲ್ಲ ಕಲ್ಲು ಹಾಸಿದ್ದಾರೆ. ಸೈಕಲ್ ಹತ್ತಿದರೆ ಹಲ್ಲಿಗೆ ಹಲ್ಲು ಬಡಿಯುತ್ತದೆ. ಮೊಟ್ಟೆ ತರುವ ದಿನ ನಾನು ಸುಮ್ನೆ ತಳ್ಳಿಕೊಂಡೇ ಬರುತ್ತೇನೆ.

ಮೊನ್ನೆ ರಜೆಯಲ್ಲಿ ಪೆರ್ವೈಜೆ ಅನ್ನೋ ಹಳ್ಳಿಗೆ ಹೋಗಿದ್ದೆ. ನ್ಯೂಪೋರ್ಟ್‌ನಿಂದ ಈ ಹಳ್ಳಿಯ ಮೇಲೆ ಡಿಕ್ಸ್‌ಮೌಡೆವರೆಗೆ ಹೋಗುವ ಹಳೇ ರೈಲು ಹಾದಿ ಈಗ ಸೈಕಲ್ ದಾರಿ. ಮೊದಲ ಮಹಾಯುದ್ಧದಲ್ಲಿ, 1914ರ ಅಕ್ಟೋಬರ್ ಕೊನೆಗೆ, ಜರ್ಮನ್ ಸೇನೆಯನ್ನು ತಡೆಯಲು ಬೆಲ್ಜಿಯಂನವರು ನ್ಯೂಪೋರ್ಟ್‌ನ ತೂಬು ತೆಗೆದು ಸಮುದ್ರದ ನೀರನ್ನೇ ಬಯಲಿಗೆ ಬಿಟ್ಟರು. ರೈಲು ಏರಿಯ ಈಚೆ ಇವರು, ನೀರಿನಾಚೆ ಜರ್ಮನ್ನರು. ಹಾಗೇ ನಾಲ್ಕು ವರ್ಷ.

ಆ ನವೆಂಬರ್‌ನಲ್ಲಿ ಪೆರ್ವೈಜೆಯ ಒಂದು ನೆಲಮಾಳಿಗೆಗೆ ಇಬ್ಬರು ಹೆಂಗಸರು ಬಂದು ಕೂತರು. ನರ್ಸ್ ಎಲ್ಸಿ ನಾಕರ್‌ಗೆ 30 ವರ್ಷ. ಮೈರಿ ಚಿಸಂಗೆ ಬರೀ 18. ಇಂಗ್ಲೆಂಡಿನ ಫರ್ನ್‌ಡೌನ್‌ನಲ್ಲಿ ಮೋಟರ್‌ಸೈಕಲ್ ಬಿಚ್ಚಿ ಜೋಡಿಸಿಕೊಂಡಿದ್ದ ಹುಡುಗಿ. ಲಂಡನ್ನಿನಲ್ಲಿ ಅವಳು ಬೈಕ್ ಓಡಿಸುವ ಪರಿ ನೋಡಿಯೇ ಡಾಕ್ಟರ್ ಹೆಕ್ಟರ್ ಮನ್ರೋ ತಮ್ಮ ಆಂಬುಲೆನ್ಸ್ ತಂಡಕ್ಕೆ ಕರೆದರಂತೆ. ಅವಳ ಅಮ್ಮನಿಗೆ ಇಷ್ಟವಿರಲಿಲ್ಲ. ಹೊರಟೇಬಿಟ್ಟಳು.

ನೆಲಮಾಳಿಗೆ ಯಾಕೆ ಅಂದರೆ, ಎಲ್ಸಿ ಒಂದು ವಿಷಯ ಗಮನಿಸಿದ್ದರು. ಆಸ್ಪತ್ರೆ ಸೇರುವ ಮೊದಲೇ, ದಾರಿಯ ಕುಲುಕಾಟದಲ್ಲೇ ಗಾಯಾಳುಗಳು ಸಾಯುತ್ತಿದ್ದರು. ಮೊದಲು ಅಲ್ಲೇ ಬೆಚ್ಚಗೆ ಮಲಗಿಸಿ, ಜೀವ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಸಾಗಿಸಬೇಕು ಅನ್ನೋದು ಅವರ ಲೆಕ್ಕ. ಇವತ್ತು ಇದು ಸಾಮಾನ್ಯ ಮಾತು ಅನಿಸುತ್ತದೆ. ಆಗ ಇದಕ್ಕಾಗಿ ದೊಡ್ಡವರ ಜೊತೆ ಜಗಳ ಆಡಬೇಕಾಯಿತು.

ಸಾಗಿಸುವ ಕೆಲಸದಲ್ಲಿ ಮೈರಿಯೂ ಇದ್ದಳು. ರಾತ್ರಿ ಹೊತ್ತು, ದೀಪ ಹಾಕುವಂತಿಲ್ಲ. ಇದೇ ಕಲ್ಲುರಸ್ತೆ, ಮೇಲೆ ಕೆಸರು, ನಡುನಡುವೆ ಶೆಲ್ ಬಿದ್ದ ಗುಂಡಿ. ಎದುರಿನಿಂದ ಕತ್ತಲಲ್ಲೇ ಸೈನಿಕರು, ಫಿರಂಗಿ ಗಾಡಿಗಳು. ಜೋರಾಗಿ ಹೋದರೆ ಹಿಂದೆ ಮಲಗಿದವನು ಚೀರುತ್ತಾನೆ. ನಿಧಾನ ಹೋದರೆ ತಡವಾಗುತ್ತದೆ. ನಾನೋ ಮೊಟ್ಟೆಗೇ ಹೆದರುವವನು!

1918ರಲ್ಲಿ ವಿಷಾನಿಲ ಬಡಿಯುವವರೆಗೂ ಅಲ್ಲೇ ಇದ್ದರು. ಇಬ್ಬರಿಗೂ ಪದಕಗಳು ಬಂದವು. 2014ರಲ್ಲಿ ಬೆಲ್ಜಿಯಂನ ಈಪರ್ ಪಟ್ಟಣದ ಹೋಟೆಲ್ ತೋಟವೊಂದರಲ್ಲಿ ಇಬ್ಬರ ಪ್ರತಿಮೆಯೂ ಎದ್ದಿತು. ಯುದ್ಧ ಮುಗಿದ ಮೇಲೆ ಗೆಳೆತನ ಮಾತ್ರ ಉಳಿಯಲಿಲ್ಲ.

ಇಷ್ಟನ್ನೂ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಕೇಳಿದ್ದು ಒಂದೇ: "ಆ ಚಿಕ್ಕ ಹುಡುಗಿಗೆ ಆಮೇಲೆ ಮದುವೆ ಆಯ್ತೇನೋ?"

"ಇಲ್ಲಮ್ಮ. ಸ್ಕಾಟ್ಲೆಂಡಿನಲ್ಲಿ ಕೋಳಿ ಸಾಕಿಕೊಂಡು, 85ರ ವಯಸ್ಸಿನವರೆಗೂ ಬದುಕಿದಳು."