ಗೊತ್ತಿದ್ದೂ ಗೊತ್ತಿಲ್ಲದವರು

ಕೆಲಸದ ಜಾಗದಲ್ಲಿ ಮನುಷ್ಯರು ತಮ್ಮನ್ನು ಹೇಗೆ ರೂಪಿಸಿಕೊಳ್ಳುತ್ತಾರೆ, ಏನನ್ನು ತೋರಿಸುತ್ತಾರೆ, ಏನನ್ನು ಒಳಗಿಟ್ಟುಕೊಳ್ಳುತ್ತಾರೆ ಎಂಬ ವಿಷಯದ ಮೇಲೆ ಬರುವ ಲೇಖನಗಳ ಬಗ್ಗೆ ನನ್ನದೊಂದು ತಕರಾರಿದೆ. ಅವುಗಳಲ್ಲಿ ಹೆಚ್ಚಿನವು ಮಹಾನಗರದವರು ಮಹಾನಗರದವರಿಗಾಗಿ ಬರೆದವು. ಬೆಂಗಳೂರಿನಲ್ಲಿ ಸಂಜೆ ಕಚೇರಿಯಿಂದ ಹೊರಬಿದ್ದವರು ಮರುದಿನ ಬೆಳಗಿನವರೆಗೆ ಸಹೋದ್ಯೋಗಿಗಳ ಕಣ್ಣಿಗೆ ಬೀಳುವುದಿಲ್ಲ. ಅವರ ಅಪ್ಪ ಏನು ಮಾಡುತ್ತಿದ್ದರು, ತಮ್ಮ ಯಾರೊಡನೆ ಜಗಳವಾಡಿ ಊರು ಬಿಟ್ಟ ಎಂಬುದು ಅವರೇ ಹೇಳದ ಹೊರತು ಯಾರಿಗೂ ತಿಳಿಯುವುದಿಲ್ಲ. ಚಿಕ್ಕಮಗಳೂರಿನ ಬ್ಯಾಂಕ್ ಶಾಖೆಯೊಂದರಲ್ಲಿ ಕ್ಲರ್ಕ್ ಆಗಿರುವ ನನಗೆ ಆ ಸೌಕರ್ಯವಿಲ್ಲ. ಕೌಂಟರಿನ ಮುಂದೆ ಸಾಲಿನಲ್ಲಿ ನಿಂತವರಲ್ಲಿ ಒಬ್ಬರು ಅಪ್ಪನ ಸಹಪಾಠಿ, ಇನ್ನೊಬ್ಬರು ನನಗೆ ಗಣಿತ ಕಲಿಸಿದ ಮೇಷ್ಟ್ರು, ಮತ್ತೊಬ್ಬರು ಒಂದು ಕಾಲದಲ್ಲಿ ಹೆಣ್ಣು ನೋಡಲು ಬಂದು ನಮ್ಮ ಮನೆಯ ಕಾಫಿ ಕುಡಿದು ಹೋದವರು.

ಇಂಥ ಊರಿನಲ್ಲಿ ಯಾರೂ ಯಾರಿಂದಲೂ ಹೆಚ್ಚು ಕಾಲ ಏನನ್ನೂ ಬಚ್ಚಿಡಲಾರರು. ಹಾಗಿದ್ದೂ ಮೇಷ್ಟ್ರು ಮೇಷ್ಟ್ರಾಗಿಯೇ, ಪ್ಲಾಂಟರು ಪ್ಲಾಂಟರಾಗಿಯೇ ತಲೆಯೆತ್ತಿಕೊಂಡು ಓಡಾಡುತ್ತಾರೆ. ಅವರವರ ಜಾಣತನಕ್ಕಿಂತ ಹೆಚ್ಚಾಗಿ, ಗೊತ್ತಿದ್ದವರು ಗೊತ್ತಿಲ್ಲದಂತೆ ಇದ್ದುಬಿಡುವುದರಿಂದಲೇ ಇದು ಸಾಧ್ಯವಾಗಿದೆ ಎಂಬುದು ನನ್ನ ತಿಳಿವಳಿಕೆ.

ಚಿನ್ನದ ಸಾಲದ ಮೇಜಿನ ಬಳಿ ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಕಾಫಿ ಸೀಮೆಯಲ್ಲಿ ಹಣ ಬರುವ ಕಾಲಕ್ಕೂ ಹೋಗುವ ಕಾಲಕ್ಕೂ ತಾಳಮೇಳವಿಲ್ಲ. ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರಿನ ಹೊತ್ತಿಗೆ, ರೊಬಸ್ಟಾ ಕೈಗೆ ಬರುವುದು ಜನವರಿಯ ನಂತರ. ಆದರೆ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ), ಗೊಬ್ಬರ, ಆಳುಗಳ ಬಟವಾಡೆ, ಮಕ್ಕಳ ಕಾಲೇಜು ಫೀಸು ಎಲ್ಲವೂ ಮಳೆಗಾಲದ ಆಚೀಚೆ ಒಟ್ಟಿಗೆ ಎರಗುತ್ತವೆ. ಹೀಗಾಗಿ ಜೂನ್ ತಿಂಗಳಲ್ಲಿ ಒಡವೆ ಬ್ಯಾಂಕಿಗೆ ಬರುತ್ತದೆ, ಕಾಫಿ ಮಾರಿದ ಮೇಲೆ ಮನೆಗೆ ಹೋಗುತ್ತದೆ. ನಮ್ಮಲ್ಲಿಗೆ ಅಪ್ರೈಸರಾಗಿ ಬರುವವರು ಪೇಟೆಯ ಅಕ್ಕಸಾಲಿಗರೇ. ಅವರು ಕಾಸಿನ ಸರವನ್ನು ಒರೆಗಲ್ಲಿಗೆ ತಿಕ್ಕಿ, ಆಸಿಡ್ ಹನಿ ಬಿಟ್ಟು ನೋಡಿ, ತೂಗಿ, ಹರಳು ಮತ್ತು ಅರಗಿನ ತೂಕ ಕಳೆದು, ನಿವ್ವಳ ತೂಕವನ್ನು ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆದು ನನ್ನ ಕಡೆಗೆ ಸರಿಸುತ್ತಾರೆ. ಆ ಸರವನ್ನು ಮಾಡಿಕೊಟ್ಟದ್ದು ತಮ್ಮ ತಂದೆಯೇ ಎಂಬುದು ಅವರಿಗೂ ಗೊತ್ತು, ಸಾಲ ಕೇಳಲು ಬಂದವರಿಗೂ ಗೊತ್ತು. ಆ ಮಾತು ಮಾತ್ರ ಹೊರಗೆ ಬರುವುದಿಲ್ಲ. ಶ್ರಾವಣದಲ್ಲಿ ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಆ ಮನೆಯ ಗೃಹಿಣಿ ಒಂದು ಗ್ರಾಂ ಚಿನ್ನದ ಸರ ಹಾಕಿಕೊಂಡು ನನ್ನ ಪಕ್ಕದಲ್ಲೇ ಕೂತಿರುತ್ತಾರೆ. ಅವರು ನನ್ನ ತಾಯಿಯ ಮಂಡಿನೋವಿನ ಬಗ್ಗೆ ವಿಚಾರಿಸುತ್ತಾರೆ, ನಾನು ಎಲೆಯ ಮೇಲಿನ ಕೋಸಂಬರಿ ನೋಡುತ್ತ ಉತ್ತರ ಕೊಡುತ್ತೇನೆ.

1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಬಳಿಕ ಬಂದ 1970ರ ಕಾಯ್ದೆಯ ಪ್ರಕಾರ, ಅಂಥ ಬ್ಯಾಂಕಿನ ನೌಕರರು ಕೆಲಸಕ್ಕೆ ಸೇರುವ ಮೊದಲು ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆಗೆ ಸಹಿ ಹಾಕಬೇಕು. ಗ್ರಾಹಕರ ವ್ಯವಹಾರದ ಬಗ್ಗೆ ನಾನು ಬಾಯಿಬಿಡದಿರುವುದಕ್ಕೆ ಹೀಗೆ ಕಾನೂನಿನ ಕಟ್ಟಿದೆ. ಗ್ರಾಹಕರು ನನ್ನ ಬಗ್ಗೆ ಬಾಯಿಬಿಡದಿರುವುದಕ್ಕೆ ಯಾವ ಕಟ್ಟೂ ಇಲ್ಲ. ನಮ್ಮ ಮನೆಯ ಆಸ್ತಿ ಪಾಲಿನ ದಾವೆ ಕೋರ್ಟಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಎದುರು ಕಕ್ಷಿಯ ವಕೀಲರ ಗುಮಾಸ್ತರು ಚಲನ್ ಕಟ್ಟಲು ನನ್ನ ಕೌಂಟರಿಗೇ ಬರುತ್ತಿದ್ದರು. ನನ್ನ ಅಣ್ಣ ಜವಾಬಿನಲ್ಲಿ ಏನು ಬರೆಸಿದ್ದಾನೆಂದು ಅಕ್ಷರಶಃ ಬಲ್ಲ ಆ ಮನುಷ್ಯ, ‘ನಮಸ್ಕಾರ ಮೇಡಂ’ ಎಂದು ನೋಟಿನ ಕಟ್ಟು ಇಟ್ಟು, ಕೌಂಟರ್ ಫಾಯಿಲ್ ತೆಗೆದುಕೊಂಡು ಹೋಗುತ್ತಿದ್ದರು. ದಾವೆಯಲ್ಲಿ ನಮ್ಮ ಜೊತೆಗೇ ಇದ್ದ ಚಿಕ್ಕಪ್ಪ ಕೂಡ ಬ್ಯಾಂಕಿಗೆ ಬಂದರೆ ಸಾಲಿನಲ್ಲೇ ನಿಂತು, ‘ಮೇಡಂ, ಪಾಸ್‌ಬುಕ್ ಎಂಟ್ರಿ ಹಾಕ್ಕೊಡ್ತೀರಾ?’ ಎನ್ನುತ್ತಾರೆ. ‘ಕೂತ್ಕೊಳ್ಳಿ ಚಿಕ್ಕಪ್ಪ’ ಎಂದರೂ ಕೂರುವುದಿಲ್ಲ. ಈ ನಟನೆಯಲ್ಲಿ ಅವರು ನನಗಿಂತ ಪಳಗಿದವರು.

ನಟನೆ ಎಂದಾಗ ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್ಮನ್ ನೆನಪಾಗುತ್ತಾರೆ. 1949ರಿಂದ 1951ರ ನಡುವೆ ಸ್ಕಾಟ್ಲೆಂಡಿನ ಷೆಟ್ಲೆಂಡ್ ದ್ವೀಪವೊಂದರಲ್ಲಿ ಕ್ಷೇತ್ರಕಾರ್ಯ ಮಾಡಿದ ಅವರು ಅಲ್ಲಿಯ ಪ್ರವಾಸಿ ಹೋಟೆಲೊಂದನ್ನು ಹತ್ತಿರದಿಂದ ನೋಡಿದ್ದರು. ಊಟದ ಕೋಣೆಯಲ್ಲಿ ಅತಿಥಿಗಳಿಗೆ ಬೇಕಾದ ನಯವಿನಯ, ಅಡುಗೆಮನೆಯಲ್ಲಿ ದ್ವೀಪದ ಜನರ ಸ್ವಂತ ರೀತಿನೀತಿ. ನಡುವಿನ ಬಾಗಿಲಿನ ಮೇಲೆ ನಿತ್ಯವೂ ಕಿರಿಕಿರಿ. ಒಳಗಿನದು ಅತಿಥಿಗಳಿಗೆ ಕಾಣಬಾರದೆಂದು ಹೋಟೆಲು ನಡೆಸುವವರು ಬಾಗಿಲು ಮುಚ್ಚಿರಲಿ ಎನ್ನುತ್ತಿದ್ದರು, ತಟ್ಟೆ ಹೊತ್ತು ಓಡಾಡುವ ಹುಡುಗಿಯರಿಗೆ ಅದು ತೆರೆದೇ ಇರಬೇಕಿತ್ತು. ಮೂಡಿಗೆರೆ ಕಡೆ ಹೋಮ್‌ಸ್ಟೇ ನಡೆಸುವ ನನ್ನ ಅಕ್ಕನ ಮನೆಯಲ್ಲಿ ಬಾಗಿಲಿನ ಬದಲು ಪರದೆಯಿದೆ, ಉಳಿದದ್ದೆಲ್ಲ ಹಾಗೆಯೇ. ಪರದೆಯ ಈಚೆ ಅತಿಥಿಗಳಿಗೆ ಕಡುಬು ಮತ್ತು ಕೋಳಿಸಾರು, ಆಚೆ ಅಕ್ಕನ ಮಕ್ಕಳಿಗೆ ನೂಡಲ್ಸ್. ವಾರಾಂತ್ಯಕ್ಕೆ ಮಾತ್ರ ಹೊರಬರುವ ಹ್ಯಾಟು ಹಾಕಿಕೊಂಡು ಭಾವ ಅತಿಥಿಗಳನ್ನು ತೋಟ ಸುತ್ತಿಸುತ್ತಾರೆ. ಬಾಬಾ ಬುಡನ್ ಏಳು ಬೀಜ ತಂದ ಕಥೆ ಮುಗಿದ ಮೇಲೆ, ‘ಈ ಗಿಡಗಳ ಕಂಬಚಿಗುರನ್ನೆಲ್ಲ ನಾನೇ ನಿಂತು ತೆಗೆಯೋದು’ ಎಂದು ಕಾಂಡದ ಮೇಲೆ ಒಡೆಯುವ ಬೇಡದ ಚಿಗುರನ್ನು ತೋರಿಸುತ್ತಾರೆ. ಎಷ್ಟೋ ವರ್ಷಗಳಿಂದ ಆ ಕೆಲಸ ಮಾಡಿಸುತ್ತಿರುವ ಮೇಸ್ತ್ರಿ ಪಕ್ಕದಲ್ಲೇ ನಿಂತು ಗಂಭೀರವಾಗಿ ತಲೆಯಾಡಿಸುತ್ತಾರೆ. ಭಾವನ ಪ್ಲಾಂಟರ್‌ತನ ಹ್ಯಾಟಿಗಿಂತ ಆ ತಲೆಯಾಡಿಸುವಿಕೆಯ ಮೇಲೆ ಹೆಚ್ಚು ನಿಂತಿದೆ.

ಮಾರ್ಚ್ ತಿಂಗಳ ವಸೂಲಿಯಲ್ಲಿ ಈ ಒಪ್ಪಂದ ಬಿಗಿಯಾಗುತ್ತದೆ. 1983ರಲ್ಲಿ ಭಾವನಾತ್ಮಕ ದುಡಿಮೆಯ ಬಗ್ಗೆ ಬರೆದ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರು ವಿಮಾನದ ಗಗನಸಖಿಯರನ್ನೂ ಬಾಕಿ ವಸೂಲಿಗಾರರನ್ನೂ ಅಧ್ಯಯನಕ್ಕೆ ಆರಿಸಿಕೊಂಡಿದ್ದರು: ಒಬ್ಬರು ಸಂಬಳಕ್ಕಾಗಿ ಇರುವುದಕ್ಕಿಂತ ಹೆಚ್ಚು ಮೃದುವಾಗಬೇಕು, ಇನ್ನೊಬ್ಬರು ಇರುವುದಕ್ಕಿಂತ ಹೆಚ್ಚು ಕಠಿಣವಾಗಬೇಕು. ನಮ್ಮ ಜೀಪಿನಲ್ಲಿ ಇಬ್ಬರೂ ಒಟ್ಟಿಗೆ ಹೋಗುತ್ತೇವೆ. ಉತ್ತರದ ರಾಜ್ಯವೊಂದರಿಂದ ವರ್ಗವಾಗಿ ಬಂದಿರುವ ಮ್ಯಾನೇಜರು ಆಲ್ದೂರಿನ ಕಡೆಯ ಬೆಳೆಗಾರರೊಬ್ಬರ ಜಗಲಿಯಲ್ಲಿ ಕೂತು ಹಿಂದಿಯಲ್ಲಿ ಖಡಾಖಂಡಿತವಾಗಿ ಮಾತಾಡುತ್ತಾರೆ. ನಾನು ಅದನ್ನು, ‘ಸಾಹೇಬರು ಬಡ್ಡಿಯನ್ನಾದರೂ ಈ ತಿಂಗಳು ಕಟ್ಟಿದರೆ ಅನುಕೂಲ ಅಂತಿದ್ದಾರೆ’ ಎಂದು ತಿಳಿಸುತ್ತೇನೆ. ಬೆಳೆಗಾರರಿಗೆ ಹಿಂದಿ ಚೆನ್ನಾಗಿಯೇ ಬರುತ್ತದೆ, ನಾನು ಮಾತಿನ ಮೊನೆ ಮುರಿದಿದ್ದೇನೆಂದು ಮ್ಯಾನೇಜರಿಗೂ ಗೊತ್ತಿದೆ. ಆದರೂ ಮೂವರೂ ಆ ದಾರಿಯಲ್ಲೇ ಮಾತುಕತೆ ಮುಗಿಸುತ್ತೇವೆ, ಏಕೆಂದರೆ ಹಾಗೆ ಮಾಡಿದರೆ ಬ್ಯಾಂಕಿನ ಕಾಠಿಣ್ಯವೂ ಉಳಿಯುತ್ತದೆ, ಕಾಫಿ ತಂದಿಟ್ಟ ಮನೆಯಾಕೆಯ ಮುಂದೆ ಯಜಮಾನರ ಗೌರವವೂ ಉಳಿಯುತ್ತದೆ. ಇದು ಕೈಮೀರುವುದು ಸುಸ್ತಿದಾರರ ಹೆಸರು ಹರಾಜಿನ ನೋಟಿಸಾಗಿ ಪತ್ರಿಕೆಯಲ್ಲಿ ಬಂದಾಗ. ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶಪಡಿಸಿಕೊಂಡು ಮಾರಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯನ್ನು ಕಾಫಿ ತೋಟಗಳ ಮೇಲೆ ಬಳಸುವುದಕ್ಕೆ ಬೆಳೆಗಾರರು ತೋರಿದ ವಿರೋಧದಲ್ಲಿ ಭೂಮಿ ಹೋಗುವ ಭಯವೇ ದೊಡ್ಡದು, ನಿಜ. ಆದರೆ ಊರಿಗೆಲ್ಲ ಮೊದಲೇ ಗೊತ್ತಿದ್ದ ಸಾಲ ಅಚ್ಚಾದ ಮೇಲೆ, ಗೊತ್ತಿಲ್ಲವೆಂದು ನಟಿಸುವ ಅವಕಾಶ ಯಾರಿಗೂ ಉಳಿಯುವುದಿಲ್ಲ ಎಂಬ ಸಂಕಟವೂ ಅದರಲ್ಲಿ ಸೇರಿತ್ತೆಂದು ನನಗೆ ಅನಿಸಿದೆ.

ಈ ಸೌಜನ್ಯ ಎಲ್ಲರಿಗೂ ಸಮನಾಗಿ ಸಿಗುತ್ತದೆಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಶಾಖೆಯಲ್ಲಿದ್ದ ದಲಿತ ಅಧಿಕಾರಿಯೊಬ್ಬರನ್ನು ಕೌಂಟರಿನಲ್ಲಿ ‘ಸರ್, ಸರ್’ ಎನ್ನುತ್ತಿದ್ದ ಮನೆಯೊಂದಕ್ಕೆ ತಪಾಸಣೆಗೆ ಹೋದಾಗ ನನ್ನ ಕೈಗೆ ಪಿಂಗಾಣಿ ಕಪ್ಪು ಬಂತು, ಅವರ ಕೈಗೆ ಕಾಗದದ ಲೋಟ. ಅವರ ವಿಷಯದಲ್ಲಿ ಊರು ಒಂದೇ ಒಂದು ಸಂಗತಿಯನ್ನು ಮರೆತಂತೆ ನಟಿಸಲು ಒಪ್ಪಲಿಲ್ಲ, ಅವರ ಹುದ್ದೆಗೆ ಬೇಕಾಗಿದ್ದುದು ಅದೊಂದೇ ಮರೆವು. ತೋಟದ ಕೆಲಸಕ್ಕೆ ದೂರದಿಂದ ಬಂದು ಖಾತೆ ತೆರೆಯುವವರ ಪಾಡು ಇನ್ನೊಂದು ಬಗೆಯದು. ಜಾರ್ಖಂಡಿನವರಾಗಲಿ, ಬಂಗಾಳದವರಾಗಲಿ, ಎಲ್ಲರೂ ಇಲ್ಲಿ ‘ಅಸ್ಸಾಂನವರು’. ಅವರ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲವಾದ್ದರಿಂದ ಅವರಿಗಾಗಿ ಯಾರೂ ಏನನ್ನೂ ಮರೆಯಬೇಕಾಗಿಯೂ ಇಲ್ಲ. ಆಧಾರ್ ಕಾರ್ಡಿನಲ್ಲಿ ಹೆಸರು ಓದಿ ಕೂಗಿದಾಗ ಕೆಲವರು ಸಂಕೋಚದಿಂದ ನಗುತ್ತಾರೆ.

ಕ್ಲರ್ಕುಗಳು ಅಧಿಕಾರಿಯಾಗಿ ಬಡ್ತಿ ಪಡೆದರೆ ವರ್ಗಾವಣೆ ಖಚಿತ. ಗುರುತು ಪರಿಚಯವಿಲ್ಲದ ಊರಿನಲ್ಲಿ ಹೊಸದಾಗಿ, ಹಗುರವಾಗಿ ಬದುಕಬಹುದಲ್ಲ ಎಂದು ಲೇಖನಗಳನ್ನು ಬರೆಯುವವರು ಹೇಳಬಹುದು. ನಮ್ಮ ಶಾಖೆಯ ಹಿರಿಯ ಕ್ಯಾಷಿಯರು ಬಡ್ತಿಯ ಸುತ್ತೋಲೆ ಬಂದಾಗಲೆಲ್ಲ ಬೇಡವೆಂದು ಬರೆದುಕೊಡುತ್ತಾರೆ. ತೋಟ ನೋಡಿಕೊಳ್ಳುವವರಿಲ್ಲ ಎಂಬುದು ಅವರು ಕೊಡುವ ಕಾರಣ. ತೋಟವನ್ನು ಅವರು ಯಾವತ್ತೋ ಲೀಸಿಗೆ ಕೊಟ್ಟಿದ್ದಾರೆ, ಲೀಸಿನ ಹಣ ನನ್ನ ಕೌಂಟರಿನಲ್ಲೇ ಅವರ ಖಾತೆಗೆ ಜಮೆಯಾಗುತ್ತದೆ. ಪ್ರತಿ ಸಲವೂ ನಾವೆಲ್ಲ, ‘ಹೌದು ಸರ್, ತೋಟ ಬಿಟ್ಟು ಹೋಗೋಕಾಗುತ್ತಾ?’ ಎನ್ನುತ್ತೇವೆ.