ಕಡಲಿಗೆ ಮರಳು ಕೊಟ್ಟವರು

ಆಗಸ್ಟ್ 3, 2025, ಭಾನುವಾರ
ಡೆಲ್ಫ್ಟ್, ನೆದರ್ಲೆಂಡ್ಸ್

ಮಡಿಕೇರಿಯಲ್ಲಿ ಇಂದು ಕಕ್ಕಡ ಪದಿನೆಟ್ಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನದ ಹಬ್ಬ. ಮದ್ದುಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲಿ ಮಾಡಿದ ಪಾಯಸದ ಚಿತ್ರವನ್ನೂ, ಮಳೆ ಇನ್ನೂ ಬಿಟ್ಟಿಲ್ಲವೆಂಬ ಸುದ್ದಿಯನ್ನೂ ತಂಗಿ ಬೆಳಿಗ್ಗೆಯೇ ಕಳುಹಿಸಿದ್ದಳು. ಇಲ್ಲಿ ಮೋಡದ ನಡುವೆ ಅಷ್ಟಿಷ್ಟು ಬಿಸಿಲು ಇಣುಕಿದ್ದೇ ತಡ, ಮಗಳು ಬುತ್ತಿ ಕಟ್ಟಿ ನಮ್ಮಿಬ್ಬರನ್ನೂ ಕಡಲಿಗೆ ಹೊರಡಿಸಿದಳು. ಟ್ರಾಮಿನಲ್ಲಿ ಹೇಗ್ ನಗರಕ್ಕೂ ಅಲ್ಲಿಂದ ಬಸ್ಸಿನಲ್ಲಿ ಕೈಕ್‌ಡೌನ್ ಎಂಬ ಕಡಲ ತಡಿಗೂ ಹೋದೆವು.

ವಿಹಾರದ ಜಾಗವೆಂದು ನೋಡಿದರೆ ಅದು ನನ್ನ ಮನಸ್ಸಿಗೆ ಅಷ್ಟಾಗಿ ಹಿಡಿಸಲಿಲ್ಲ. ಗಾಳಿ ಎಡೆಬಿಡದೆ ಬೀಸುತ್ತಿತ್ತು, ಫ್ಲಾಸ್ಕಿನಿಂದ ಬಗ್ಗಿಸಿದ ಕಾಫಿಗೂ ಮರಳು ಬಿತ್ತು, ಆಗಸ್ಟ್ ತಿಂಗಳಾದರೂ ನೀರು ನಮ್ಮ ಬೆಟ್ಟದ ತೊರೆಯಷ್ಟು ತಣ್ಣಗಿದ್ದುದರಿಂದ ನನ್ನ ಹೆಂಡತಿ ಪಾದ ಮುಳುಗುವುದಕ್ಕಿಂತ ಮುಂದೆ ಇಳಿಯಲೇ ಇಲ್ಲ. ಆದರೆ ಅಲ್ಲಿಂದ ದಕ್ಷಿಣಕ್ಕೆ, ಟೆರ್ ಹೈಡೆ ಎಂಬ ಹಳ್ಳಿಯ ಕಡೆಗೆ, ಮರಳಿನ ಮೇಲೆ ನಡೆಯುತ್ತಾ ಹೋದಾಗ ಕಂಡದ್ದನ್ನು ನಾನು ಬಹುಕಾಲ ಮರೆಯಲಾರೆ.

ನಾವು ನಡೆಯುತ್ತಿದ್ದ ನೆಲ 2011ಕ್ಕೆ ಮೊದಲು ಅಲ್ಲಿ ಇರಲೇ ಇಲ್ಲ. ಆ ವರ್ಷ ಹಡಗುಗಳು ದಡದಿಂದ ಸುಮಾರು 10 ಕಿಲೋಮೀಟರ್ ಆಚೆ ಕಡಲ ತಳದಿಂದ ಮರಳನ್ನು ಹೀರಿ ತಂದು, ಒಟ್ಟು 2 ಕೋಟಿ 15 ಲಕ್ಷ ಘನ ಮೀಟರಿನಷ್ಟನ್ನು ಇಲ್ಲಿ ಸುರಿದು, ಕಡಲೊಳಕ್ಕೆ ಒಂದು ಕಿಲೋಮೀಟರ್ ಚಾಚಿದ ಕೊಕ್ಕೆಯಾಕಾರದ ಭೂಶಿರವೊಂದನ್ನು ನಿರ್ಮಿಸಿದವು. ಇದರ ಹೆಸರು ‘ಸ್ಯಾಂಡ್ ಮೋಟರ್’. ವಿಚಿತ್ರವೆಂದರೆ ಅದು ನಿಲ್ಲಲಿ ಎಂದು ಕಟ್ಟಿದ್ದಲ್ಲ, ಕರಗಲಿ ಎಂದೇ ಕಟ್ಟಿದ್ದು. ಅಲೆ, ಗಾಳಿ ಮತ್ತು ಕಡಲಿನ ಹರಿವುಗಳು ಈ ರಾಶಿಯನ್ನು ಸುಮಾರು ಇಪ್ಪತ್ತು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸವೆಸಿ ದಡದುದ್ದಕ್ಕೂ ಹಂಚುತ್ತವೆ ಎಂಬುದು ಇಲ್ಲಿನ ಎಂಜಿನಿಯರುಗಳ ಲೆಕ್ಕಾಚಾರ. ಮೊದಲು ಕೆಲವು ವರ್ಷಗಳಿಗೊಮ್ಮೆ ಅಲ್ಲಲ್ಲಿ ಮರಳು ತುಂಬುತ್ತಿದ್ದರಂತೆ. ಪ್ರತಿ ಸಲವೂ ಕಡಲ ತಳದ ಹುಳು, ಚಿಪ್ಪುಜೀವಿಗಳೆಲ್ಲ ಹೂತುಹೋಗುತ್ತಿದ್ದವು. ಒಂದೇ ಬಾರಿಗೆ ಸುರಿದುಬಿಟ್ಟರೆ ಅವು ಚೇತರಿಸಿಕೊಳ್ಳಲು ದೀರ್ಘ ಕಾಲ ಸಿಗುತ್ತದೆ. ಹದಿನಾಲ್ಕು ವರ್ಷಗಳಲ್ಲಿ ಆ ಕೊಕ್ಕೆ ತನ್ನ ಮೊದಲ ಆಕಾರವನ್ನು ಬಿಟ್ಟುಕೊಟ್ಟಿದೆ. ಅದು ಇಲ್ಲಿ ಯಾರಿಗೂ ಸೋಲೆಂದು ತೋರುವುದಿಲ್ಲ.

1953ರ ಫೆಬ್ರುವರಿ 1ರ ಪ್ರವಾಹದಲ್ಲಿ ಈ ದೇಶದಲ್ಲಿ 1,836 ಜನ ಸತ್ತರು. ಆನಂತರ ನೈರುತ್ಯದ ಅಳಿವೆಗಳಿಗೆ ಅಡ್ಡಲಾಗಿ ಭಾರೀ ಅಣೆಕಟ್ಟುಗಳನ್ನು ಕಟ್ಟಿದ ಜನ ಇವರೇ. ಅಂಥವರು ಇಲ್ಲಿ ಕಲ್ಲು, ಕಾಂಕ್ರೀಟುಗಳನ್ನು ಬಿಟ್ಟು ಕಡಲಿನ ಕೈಯಿಂದಲೇ ಕೆಲಸ ಮಾಡಿಸಿಕೊಳ್ಳಲು ಹೊರಟಿದ್ದಾರೆ. ದಡದ ಹಿಂದಿನ ಮರಳ ದಿಬ್ಬಗಳ ಮೇಲೆ ಬೇಲಿ ಹಾಕಿ, ಬೇರುಗಳಿಂದ ಮರಳನ್ನು ಹಿಡಿದಿಡುವ ಒಂದು ಬಗೆಯ ಹುಲ್ಲನ್ನು ಬೆಳೆಸಿದ್ದಾರೆ. ಈ ಕರಾವಳಿಯ ದಿಬ್ಬಗಳಲ್ಲಿಯೇ ನದಿಯ ನೀರನ್ನು ಇಂಗಿಸಿ, ಸೋಸಿ, ಹೇಗ್ ನಗರಕ್ಕೆ ಕುಡಿಯಲು ಕೊಡುತ್ತಾರೆ ಎಂದು ಮಗಳು ಹೇಳಿದಾಗ, ಆ ಬೇಲಿಯನ್ನು ದಾಟಿ ಒಬ್ಬನಾದರೂ ಅಡ್ಡದಾರಿ ಹಿಡಿಯದೆ ಇದ್ದುದಕ್ಕೆ ಕಾರಣ ತಿಳಿಯಿತು.

ಅನೇಕರು ತಲೆ ತಗ್ಗಿಸಿಕೊಂಡು ಏನನ್ನೋ ಹುಡುಕುತ್ತಾ ನಡೆಯುತ್ತಿದ್ದರು. ಹಿಮಯುಗದಲ್ಲಿ ಈ ಕಡಲಿನ ತಳ ಒಣ ಬಯಲಾಗಿತ್ತು. ಹೀರಿ ತಂದ ಮರಳಿನೊಡನೆ ಅಲ್ಲಿ ಮೇಯುತ್ತಿದ್ದ ಮ್ಯಾಮತ್ ಆನೆಗಳ ಮೂಳೆ, ಹಲ್ಲುಗಳೂ ಮೇಲೆ ಬಂದಿವೆ. ಆನೆಯೆಂದರೆ ತೋಟದ ಬೇಲಿ ಮುರಿಯುವ ಪ್ರಾಣಿ ಎಂದಷ್ಟೇ ಬಲ್ಲ ನನ್ನ ಹೆಂಡತಿಯೂ ಒಂದು ಗಂಟೆ ಬಗ್ಗಿ ಹುಡುಕಿದಳು. ಸಿಕ್ಕಿದ್ದು ಚಿಪ್ಪುಗಳು ಮಾತ್ರ.

ಸೆಪ್ಟೆಂಬರ್ 7, 2025, ಭಾನುವಾರ
ಮಡಿಕೇರಿ

ಇಂದು ಮಕ್ಕಂದೂರಿನಿಂದ ಭಾವಮೈದುನ ಬಂದಿದ್ದ. ಕಡಲಿನ ಕಥೆಯನ್ನು ವಿವರವಾಗಿ ಹೇಳಿದೆ. ಎಲ್ಲವನ್ನೂ ಕೇಳಿದ ಮೇಲೆ ಅವನ ಮೊದಲ ಪ್ರಶ್ನೆ: “ಅಲ್ಲ ಭಾವ, ಅಷ್ಟು ಮರಳಿಗೆ ಪರ್ಮಿಟ್ ಕೊಟ್ಟದ್ದು ಯಾರು? ಕೊಟ್ಟಿಗೆಯ ಗೋಡೆಗೆ ಒಂದು ಲೋಡ್ ತರಿಸಲಿಕ್ಕೆ ಅಲೆದು ಸಾಕಾಗಿ ನಾನು ಕೊನೆಗೆ ಎಂ-ಸ್ಯಾಂಡ್ ಹಾಕಿಸಿದೆ.”

ನಕ್ಕೆವು. ಆದರೆ ಅವನ ಮುಂದಿನ ಮಾತಿನಲ್ಲಿ ನಗುವಿರಲಿಲ್ಲ. 2018ರ ಆಗಸ್ಟಿನಲ್ಲಿ ಅವನ ತೋಟದ ಮೇಲಿನ ಬರೆ, ಅಂದರೆ ಬೆಟ್ಟದ ಕಡಿದಾದ ಇಳಿಜಾರು, ಕುಸಿದು, ಕಾಫಿ ಗಿಡಗಳ ಸಮೇತ ಗದ್ದೆಗೂ ಹೊಳೆಗೂ ಇಳಿದಿತ್ತು. “ಕಡಲು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಹಾಕುತ್ತದೆ. ಬೆಟ್ಟದಿಂದ ಇಳಿದ ಮಣ್ಣನ್ನು ಮೇಲೆ ಹತ್ತಿಸುವ ಅಲೆ ಯಾವುದುಂಟು?” ಎಂದ. ಆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ ಎಂಬುದನ್ನು ನಾನೂ ಒಪ್ಪಿದೆ.

ಕುಸಿದ ಜಾಗಕ್ಕೆ ಅವನು ಮತ್ತೆ ಜೆಸಿಬಿ ಹತ್ತಿಸಿಲ್ಲ, ಕಾಫಿಯನ್ನೂ ನೆಟ್ಟಿಲ್ಲ. ತಾನಾಗಿ ಹುಟ್ಟಿದ ಕಾಡುಗಿಡಗಳನ್ನು ಹಾಗೆಯೇ ಬಿಟ್ಟಿದ್ದಾನೆ. ಅದರ ಮೇಲ್ಭಾಗದ ತೊಟ್ಟಿಲು ಗುಂಡಿಗಳನ್ನು ಮುಚ್ಚಿಸಿ, ಮಳೆನೀರು ಅಲ್ಲಿ ನಿಂತು ಇಂಗದಂತೆ ಪಕ್ಕಕ್ಕೆ ಕಾಲುವೆ ತೋಡಿಸಿದ್ದಾನೆ. ನೀರನ್ನು ಇಂಗಿಸಲೆಂದೇ ತೋಡಿದ ಗುಂಡಿಗಳನ್ನು ಮುಚ್ಚುವುದು ಸರಿಯೇ ಎಂದು ಕೇಳಿದೆ. ಕೆಳಗಿನ ಸಮತಟ್ಟಿನಲ್ಲಿ ಗುಂಡಿಗಳು ಇರಲಿ, ಕಡಿದಾದ ಬರೆಯ ನೆತ್ತಿಯಲ್ಲಿ ಬೇಡ ಎಂಬುದು ಅವನ ವಾದ. ಬರುವ ಭಾನುವಾರ ಹೋಗಿ ಆ ಕಾಲುವೆಯನ್ನು ನೋಡುವುದೆಂದು ನಿಶ್ಚಯವಾಗಿದೆ.