ಹತ್ತು ಕಾರ್ಷಾಪಣ, ಒಂದು ಬೆಟ್ಟ

ನವೆಂಬರ್

ಹನ್ನೊಂದು ತುಂಡು ಬೆಳ್ಳಿ ಮನೆಗೆ ಬಂದವು. ನಾಣ್ಯ ಪ್ರದರ್ಶನವೊಂದರಲ್ಲಿ ಬಿಲ್ ಸಮೇತ ಕೊಂಡದ್ದು. ತುಂಡು ಅಂತಲೇ ಬರೆಯುತ್ತೇನೆ, ಯಾಕಂದ್ರೆ ಇವು ದುಂಡಗಿಲ್ಲ, ಸರಿಯಾದ ಚೌಕವೂ ಅಲ್ಲ. ಒಂದೊಂದರ ಮೂಲೆ ಒಂದೊಂದು ಥರ ಕತ್ತರಿಸಿದೆ. ರಾಜನ ಮುಖ ಇಲ್ಲ, ಹೆಸರಿಲ್ಲ, ಇಸವಿ ಇಲ್ಲ. ಒಂದಕ್ಷರವೂ ಇಲ್ಲ. ಇರುವುದು ಬರೀ ಚಿಹ್ನೆಗಳು. ಅವೂ ಒಂದರ ಮೇಲೊಂದು ಹತ್ತಿ ಕೂತಿವೆ.

ಇಷ್ಟು ವರ್ಷ ನಾನು ಬ್ರಿಟಿಷರ ಕಾಲದ ರೂಪಾಯಿ ಕೂಡಿಸುತ್ತಿದ್ದೆ. ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್. ಅಲ್ಲಿ ಎಲ್ಲವೂ ಬರೆದೇ ಇರುತ್ತದೆ. ತೂಕ 11.66 ಗ್ರಾಂ, ಅಂದರೆ ಒಂದು ತೊಲ. ಇಸವಿ ನೋಡಿ ಡಬ್ಬಿಗೆ ಹಾಕಿದರೆ ಆಯಿತು. ಈ ಹನ್ನೊಂದರ ಮುಂದೆ ಕೂತಾಗ ಮೊದಲ ಸಲ ಏನನ್ನೂ ಓದಲು ಆಗಲಿಲ್ಲ. ಅದಕ್ಕೇ ಈ ದಾಖಲೆ ಇಡಲು ಶುರು ಮಾಡಿದೆ.

ಇವು ಎರಡು ಸಾವಿರ ವರ್ಷಕ್ಕೂ ಹಳೆಯ ನಾಣ್ಯಗಳು. ಒಂದೊಂದು ಚಿಹ್ನೆಯ ಅಚ್ಚನ್ನು ಬೇರೆ ಬೇರೆಯಾಗಿ ಹೊಡೆದು ಮೂಡಿಸಿದ್ದರಿಂದ ಸಂಗ್ರಹಕಾರರು ಪಂಚ್ ಮಾರ್ಕ್ ನಾಣ್ಯ ಅನ್ನುತ್ತಾರೆ. ಹಳೆಯ ಹೆಸರು ಕಾರ್ಷಾಪಣ, ಚಿಕ್ಕದಾಗಿ ಪಣ. ಕನ್ನಡದಲ್ಲಿ ಪಾಲು ಹಾಲಾಯಿತು, ಪೂ ಹೂವಾಯಿತು, ಹಾಗೆಯೇ ಪಣ ಹಣವಾಯಿತು. ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಮಾತು ಈ ತುಂಡಿನ ಹೆಸರೇ ಅಂತ ಗೊತ್ತಾದ ದಿನ ನನಗೆ ತುಂಬಾ ಸಂತೋಷವಾಯಿತು. 'ರೂಪಾಯಿ' ಕೂಡ ಇದೇ ಮನೆಯ ಮಾತು. ಪಾಣಿನಿಯ ವ್ಯಾಕರಣದಲ್ಲಿ 'ರೂಪ್ಯ' ಅನ್ನುವ ಪದಕ್ಕೆ ಸೂತ್ರವಿದೆ. ರೂಪವನ್ನು ಹೊಡೆದು ಮೂಡಿಸಿದ್ದು ಅಂತ ಅದರ ಅರ್ಥ.

ಡಿಸೆಂಬರ್, ಮೊದಲ ವಾರ

ತೂಕ. ಕಾರ್ಷಾಪಣದ ಲೆಕ್ಕ 32 ರತ್ತಿ. ರತ್ತಿ ಅಂದರೆ ನಮ್ಮ ಗುಲಗಂಜಿ, ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಅದೇ ಕೆಂಪು ಕಾಳು. ಚಿತ್ರದುರ್ಗದ ನಮ್ಮ ಬೀದಿಯ ಆಚಾರ್ರ ಹತ್ತಿರ ಒಂದು ಡಬ್ಬಿ ಗುಲಗಂಜಿ ಇನ್ನೂ ಇದೆ. ಕೇಳಿ ತಂದೆ. 32 ಎಣಿಸಿ ತಕ್ಕಡಿಗೆ ಹಾಕಿದೆ: 3.61 ಗ್ರಾಂ. ಬೇರೆ 32 ಹಾಕಿದೆ: 3.47. ಪುಸ್ತಕಗಳು ಹೇಳುವ ಕಾರ್ಷಾಪಣದ ತೂಕ ಸುಮಾರು 3.4 ಗ್ರಾಂ. ಎರಡು ಸಾವಿರ ವರ್ಷಕ್ಕೂ ಹಳೆಯ ಲೆಕ್ಕ, ಗಿಡದಿಂದ ಉದುರಿದ ಕಾಳಲ್ಲಿ ಇಷ್ಟು ಹತ್ತಿರ ಬಂತಲ್ಲ! (ಮನೆಯಲ್ಲಿ ಮಕ್ಕಳಿದ್ದರೆ ಗುಲಗಂಜಿ ಕೈಗೆ ಸಿಗದ ಹಾಗೆ ಇಡಿ. ಒಳಗಿನ ತಿರುಳು ಕಡು ವಿಷ.)

ನನ್ನವುಗಳಲ್ಲಿ ಜಾಸ್ತಿ ತೂಕದ್ದು 3.41. ಹೆಚ್ಚಿನವು 3.1ರಿಂದ 3.35ರ ಒಳಗೆ. ಒಂದು ಮಾತ್ರ 2.68. ಅದರ ಬಗ್ಗೆ ಅವತ್ತೇ ಅನುಮಾನ ಬಂತು.

ಡಿಸೆಂಬರ್, ಮೂರನೇ ವಾರ

ಒಂದು ತಪ್ಪು ಮಾಡಿದೆ. ಬರೆದಿಡಲೇಬೇಕು, ಇನ್ನೊಬ್ಬರು ಮಾಡದಿರಲಿ ಅಂತ.

ಏಳನೇ ನಾಣ್ಯ ಕಪ್ಪಾಗಿತ್ತು. ದೇವರ ಮನೆಯ ಬೆಳ್ಳಿ ದೀಪ ತೊಳೆಯುವ ಹಾಗೆ ಹುಣಸೆಹಣ್ಣು ಹಚ್ಚಿ ಉಜ್ಜಿದೆ, ಆಮೇಲೆ ಸ್ವಲ್ಪ ಹಲ್ಲುಪುಡಿ. ಫಳಫಳ ಅಂತ ಹೊಳೆಯಿತು. ಆದರೆ ಹಿಂದಿದ್ದ ಎರಡು ಸಣ್ಣ ಗುರುತುಗಳಲ್ಲಿ ಒಂದು ಮಾಯವಾಯಿತು. ಅಷ್ಟೇ ಅಲ್ಲ, ಮುಂಭಾಗದ ಚಿಹ್ನೆಗಳೂ ಮೊದಲಿಗಿಂತ ಮಸುಕಾಗಿ ಕಾಣುತ್ತಿವೆ. ಆ ಕಪ್ಪು ಕೊಳೆಯಲ್ಲ. ಗುಂಡಿಯಲ್ಲಿ ಕೂತ ಕಪ್ಪೇ ಚಿಹ್ನೆಯ ಗೆರೆಯನ್ನು ಎತ್ತಿ ತೋರಿಸುತ್ತಿತ್ತು. ಅದನ್ನು ಕಿತ್ತರೆ ಓದು ಹೋದಂತೆ. ಈಗ ಉಳಿದವನ್ನು ಮುಟ್ಟುವುದೂ ಅಂಚು ಹಿಡಿದೇ. ಏಳನೆಯದನ್ನು ನೋಡಿದಾಗಲೆಲ್ಲ ನೋವಾಗುತ್ತದೆ.

ಜನವರಿ

ಸಂಕ್ರಾಂತಿಯ ಮಾರನೇ ದಿನ ಹನ್ನೊಂದನ್ನೂ ತಗೊಂಡು ಆಚಾರ್ರ ಅಂಗಡಿಗೆ ಹೋದೆ. ನಾಣ್ಯಶಾಸ್ತ್ರ ಅವರಿಗೆ ಗೊತ್ತಿಲ್ಲ, ಬೆಳ್ಳಿ ಗೊತ್ತು. ಆ ಒಂದು ಗಂಟೆಯಲ್ಲಿ ಕಲಿತದ್ದು ತಿಂಗಳ ಓದಿಗಿಂತ ಜಾಸ್ತಿ.

ಭೂತಗನ್ನಡಿ ಕಣ್ಣಿಗೆ ಹಿಡಿದು ಮೊದಲು ಹೇಳಿದ್ದು, "ಇದು ಒಂದೇ ಏಟಿನ ಕೆಲಸ ಅಲ್ಲ ಸರ್. ಐದು ಅಚ್ಚು, ಐದು ಏಟು." ಆಮೇಲೆ ಉಗುರಿನ ತುದಿಯಲ್ಲಿ ತೋರಿಸಿದರು. ಒಂದು ಚಿಹ್ನೆಯ ಅಂಚು ಇನ್ನೊಂದನ್ನು ಅದುಮಿದೆ. ಅದುಮಿದ್ದು ಆಮೇಲೆ ಬಿದ್ದ ಏಟು. ಹೀಗೆ ನೋಡಿದರೆ ಯಾವುದು ಮೊದಲು, ಯಾವುದು ನಂತರ ಅಂತ ಹಲವು ಕಡೆ ಹೇಳಬಹುದು.

"ಮೂಲೆ ಯಾಕೆ ಕತ್ತರಿಸಿದ್ದಾರೆ?" ಅಂತ ಕೇಳಿದೆ. "ತಗಡು ಕತ್ತರಿಸಿದಾಗ ತೂಕ ಜಾಸ್ತಿ ಬಂದಿರುತ್ತೆ. ಮೂಲೆ ತೆಗೆದು ಸರಿ ಮಾಡಿದ್ದಾರೆ. ನಾವು ಈಗಲೂ ಹಾಗೇ ಮಾಡ್ತೀವಲ್ಲ." ಮೂರನೇ ನಾಣ್ಯದಲ್ಲಿ ಕತ್ತರಿಸಿದ ಮೂಲೆಯ ಮೇಲೇ ಸೂರ್ಯನ ಅರ್ಧ ಬಿದ್ದಿದೆ, ಉಳಿದರ್ಧಕ್ಕೆ ಜಾಗವೇ ಇಲ್ಲ. ಅಂದರೆ ಮೊದಲು ಕತ್ತರಿ, ಆಮೇಲೆ ಅಚ್ಚು. ತೂಕ ಮುಖ್ಯ, ಚಿಹ್ನೆ ಪೂರ್ತಿ ಮೂಡುವುದು ಮುಖ್ಯವಲ್ಲ.

2.68 ಗ್ರಾಂನದ್ದನ್ನು ಕೈಗೆ ತಗೊಂಡವರು ಒಂದು ನಿಮಿಷವೂ ನೋಡಲಿಲ್ಲ. "ಇದು ಎರಕ." ಅಂದರೆ ಏಟು ಹೊಡೆದದ್ದಲ್ಲ, ಕರಗಿಸಿದ ಲೋಹ ಸುರಿದು ಮಾಡಿದ ನಕಲು. ಅಂಚಿನಲ್ಲಿ ಅರದಿಂದ ಉಜ್ಜಿದ ಗೀರು ಇತ್ತು. ಗುಂಡಿಗಳೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಏಟು ತಿಂದ ಬೆಳ್ಳಿಯಲ್ಲಿ ಅಚ್ಚಿನ ಸುತ್ತ ಲೋಹ ಸ್ವಲ್ಪ ಉಬ್ಬಿರುತ್ತದೆ, ಇದರಲ್ಲಿ ಅದಿಲ್ಲ. ಮಾರಿದವರಿಗೆ ಫೋಟೋ ಕಳಿಸಿದೆ. ವಾಪಸು ತಗೊಂಡು ದುಡ್ಡು ಕೊಟ್ಟರು. ಬಿಲ್ ಇದ್ದದ್ದರಿಂದ ಮಾತಿಗೆ ಮಾತು ಬೆಳೆಯಲಿಲ್ಲ.

ಈಗ ಹತ್ತು.

ಫೆಬ್ರವರಿ

ಫೋಟೋ ತೆಗೆಯುವ ಕ್ರಮ ಬದಲಾಯಿಸಿದೆ. ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣದು. ಕೋಣೆ ಕತ್ತಲು ಮಾಡಿ, ಸಣ್ಣ ಟಾರ್ಚನ್ನು ಮೇಜಿನ ಮಟ್ಟಕ್ಕೇ ಇಟ್ಟು, ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಎದ್ದು ನಿಲ್ಲುತ್ತದೆ. ಆಮೇಲೆ ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಮೇಲೆ ಬಟರ್ ಪೇಪರ್ ಇಟ್ಟು ಪೆನ್ಸಿಲಿನಲ್ಲಿ ಒಂದೊಂದೇ ಚಿಹ್ನೆ ಬಿಡಿಸುತ್ತೇನೆ. ಕಂಡಷ್ಟನ್ನೇ. ಊಹೆಯ ಗೆರೆ ಎಳೆಯುವುದಿಲ್ಲ ಅಂತ ನಿಯಮ ಮಾಡಿಕೊಂಡಿದ್ದೇನೆ.

ಎಲ್ಲದರಲ್ಲೂ ಸೂರ್ಯ ಇದ್ದಾನೆ. ಎಲ್ಲದರಲ್ಲೂ ಆರು ಕೈಗಳ ಚಕ್ರ ಇದೆ, ಅದನ್ನು ಷಡರ ಚಕ್ರ ಅನ್ನುತ್ತಾರೆ. ನಡುವೆ ಒಂದು ಚುಕ್ಕೆ, ಸುತ್ತ ಆರು ಕೈ, ಕೆಲವು ಕೈ ಬಾಣದ ತುದಿ ಹೊತ್ತಿವೆ, ಕೆಲವು ಬೇರೆ ಆಕಾರ ಹೊತ್ತಿವೆ. ಮಗಧ ಮತ್ತು ಮೌರ್ಯರ ಕಾಲದ ಐದು ಚಿಹ್ನೆಯ ನಾಣ್ಯಗಳಲ್ಲಿ ಈ ಎರಡು ಬಹುಪಾಲು ಕಡೆ ಇದ್ದೇ ಇರುತ್ತವೆ. ಮಿಕ್ಕ ಮೂರು ಬದಲಾಗುತ್ತವೆ: ಆನೆ, ಗೂಳಿ, ಕಟಕಟೆಯೊಳಗಿನ ಮರ, ಬೆಟ್ಟದ ಮೇಲೆ ಚಂದ್ರ, ಬೆಟ್ಟದ ಮೇಲೆ ನವಿಲು.

ಮೊದಲಿಗೆ ನಾನೂ ಎಲ್ಲರ ಹಾಗೆ ಒಂದೊಂದಕ್ಕೂ ಅರ್ಥ ಹುಡುಕುತ್ತಿದ್ದೆ. ನವಿಲು ಅಂದರೆ ಮೌರ್ಯ, ಮರ ಅಂದರೆ ಬೋಧಿ, ಬೆಟ್ಟ ಅಂದರೆ ಮೇರು ಅಥವಾ ಸ್ತೂಪ. ಹೀಗೆ ಹೇಳಿದವರು ಬೇಕಾದಷ್ಟು ಜನ ಇದ್ದಾರೆ. ಒಬ್ಬರ ಮಾತಿಗೆ ಇನ್ನೊಬ್ಬರು ಒಪ್ಪಿಲ್ಲ. ಈಗ ನನಗೆ ಅನ್ನಿಸುವುದು ಬೇರೆ. ಬಿಡಿ ಚಿಹ್ನೆಯನ್ನು ಓದಲು ಹೊರಟರೆ ದಾರಿ ತಪ್ಪುತ್ತದೆ. ಐದೂ ಸೇರಿದ ಗುಂಪನ್ನು ಓದಬೇಕು. ನಾಣ್ಯತಜ್ಞರಾದ ಪಿ.ಎಲ್. ಗುಪ್ತಾ ಮತ್ತು ಟೆರಿ ಹಾರ್ಡೇಕರ್ ಈ ನಾಣ್ಯಗಳನ್ನು ವಿಂಗಡಿಸಿದ್ದು ಹೀಗೆಯೇ. ಯಾವ ಐದು ಒಟ್ಟಿಗೆ ಬಂದಿವೆ, ಹಿಂದೆ ಏನಿದೆ, ತಗಡು ಎಷ್ಟು ದಪ್ಪ. ಹಳೆಯವು ಅಗಲ, ತೆಳು. ಬರಬರುತ್ತಾ ಚಿಕ್ಕವು, ದಪ್ಪ. ನನ್ನ ಹತ್ತರಲ್ಲಿ ಎರಡು ಅಗಲದವು, ಎಂಟು ದಪ್ಪದವು.

ಫೆಬ್ರವರಿ, ಶಿವರಾತ್ರಿ

ಜಾಗರಣೆಯ ರಾತ್ರಿ ಇದನ್ನೇ ಹಿಡಿದು ಕೂತಿದ್ದೆ. ನಾಲ್ಕನೆಯದರಲ್ಲಿ ಒಂದು ಅಂಚಿಗೆ ಏಣಿಯಂಥ ಮೂರು ಗೆರೆ ಇತ್ತು, ಮೇಲಿನದ್ದು ಕತ್ತರಿಗೆ ಹೋಗಿದೆ. ಒಂಬತ್ತನೆಯದರಲ್ಲಿ ಕೊಂಬೆಗಳಂಥದ್ದು ಇತ್ತು, ಕೆಳಗಿನದ್ದು ಇಲ್ಲ. ತಿಂಗಳಿಂದ ಎರಡನ್ನೂ 'ಗೊತ್ತಾಗಿಲ್ಲ' ಅಂತ ಬರೆದಿಟ್ಟಿದ್ದೆ. ಸುಮ್ನೆ ಎರಡು ಬಟರ್ ಪೇಪರನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ. ಕಟಕಟೆಯೊಳಗೆ ಮರ ನಿಂತಿತು. ಪೂರ್ತಿ ಮರ.

ಎರಡರಲ್ಲೂ ಸೂರ್ಯ, ಷಡರ, ಬೆಟ್ಟದ ಮೇಲೆ ಚಂದ್ರ ಇವೆ. ಈಗ ಮರವೂ ಸೇರಿತು. ಇನ್ನೊಂದು ಚಿಹ್ನೆ ಎರಡರಲ್ಲೂ ಸವೆದಿದೆ. ಐದರಲ್ಲಿ ನಾಲ್ಕು ಕೂಡಿದರೆ ಸಾಕು, ಎರಡೂ ಒಂದೇ ಗುಂಪಿನವು ಅಂತ ಧೈರ್ಯವಾಗಿ ಬರೆದುಕೊಂಡೆ. ಬೆಳಗಿನ ಜಾವ ನಾಲ್ಕೂವರೆ. ಮನೆಯವರನ್ನು ಎಬ್ಬಿಸಿ ತೋರಿಸಿದೆ.

ಮಾರ್ಚ್

ಹಿಂಭಾಗದ ಕೆಲಸ. ಹಿಂದೆ ಬೀಳುವ ಗುರುತುಗಳು ಸಣ್ಣವು, ಕೆಲವು ಜೋಳದ ಕಾಳಿನಷ್ಟೂ ಇಲ್ಲ. ಚಿನಿವಾರರು, ಅಂದರೆ ಹಣ ವಿನಿಮಯದ ವ್ಯಾಪಾರಿಗಳು, ಪರೀಕ್ಷೆ ಮಾಡಿ ಒತ್ತಿದ ಗುರುತು ಅಂತ ಹೇಳುತ್ತಾರೆ.

ಇಲ್ಲಿ ಡಿ.ಡಿ. ಕೋಸಂಬಿಯವರ ಕೆಲಸ ಹೇಳದೆ ಮುಂದೆ ಹೋಗಲಾರೆ. ಗೋವಾದಲ್ಲಿ ಹುಟ್ಟಿದ ಗಣಿತಜ್ಞ. ಈಗ ಪಾಕಿಸ್ತಾನದಲ್ಲಿರುವ ತಕ್ಷಶಿಲೆಯ ಭೀರ್ ದಿಬ್ಬದಲ್ಲಿ 1924ರಲ್ಲಿ ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕಿದ್ದವು. ಜೊತೆಗೆ ಅಲೆಕ್ಸಾಂಡರ್ ಮತ್ತು ಅವನ ನಂತರ ಪಟ್ಟಕ್ಕೆ ಬಂದ ಫಿಲಿಪ್ ಅರಿಡೇಯಸ್ ಹೆಸರಿನ ನಾಣ್ಯಗಳೂ ಇದ್ದುದರಿಂದ ಗಂಟನ್ನು ಹೂತ ಕಾಲ ಅಂದಾಜಿಗೆ ಸಿಕ್ಕಿತು, ಕ್ರಿ.ಪೂ. 4ನೇ ಶತಮಾನದ ಕೊನೆ. ಇಂಥ ಗಂಟುಗಳ ನಾಣ್ಯಗಳನ್ನು ಕೋಸಂಬಿ ಒಂದೊಂದಾಗಿ ತೂಗಿದರು. ನಾಣ್ಯ ಕೈಯಿಂದ ಕೈಗೆ ಹೋದಷ್ಟೂ ಸವೆಯುತ್ತದೆ. ಹಿಂದಿನ ಗುರುತುಗಳು ಜಾಸ್ತಿ ಇದ್ದಷ್ಟೂ ತೂಕ ಕಡಿಮೆ ಅಂತ ಅವರು ಲೆಕ್ಕ ಹಾಕಿ ತೋರಿಸಿದರು. ಅಂದರೆ ಆ ಗುರುತುಗಳು ನಾಣ್ಯದ ವಯಸ್ಸು ಹೇಳುತ್ತವೆ. ಯಾವ ಗುಂಪು ಹಳೆಯದು, ಯಾವುದು ಹೊಸದು ಅಂತ ತಕ್ಕಡಿಯಿಂದಲೇ ಸಾಲು ಹಚ್ಚಬಹುದು. ಒಂದಕ್ಷರವೂ ಇಲ್ಲದ ವಸ್ತುವಿನಿಂದ ಇಷ್ಟು ಮಾತಾಡಿಸಿದ್ದಾರೆ.

ನಾನೂ ನನ್ನ ಹತ್ತರಲ್ಲಿ ನೋಡಿದೆ. ಹಿಂದೆ ಒಂದೇ ಗುರುತಿರುವುದು 3.41 ಗ್ರಾಂ. ಆರು ಗುರುತಿರುವುದು 3.12. ಸರಿಯಾಯಿತು ಅಂದುಕೊಂಡೆ. ಆದರೆ ನಾಲ್ಕು ಗುರುತಿನದ್ದು 3.35 ಬಂತು, ಎರಡು ಗುರುತಿನದ್ದು 3.19. ಹತ್ತು ನಾಣ್ಯ ಸಾಲದು. ಅದೂ ಬೇರೆ ಬೇರೆ ಗಂಟಿನಿಂದ, ಬೇರೆ ಬೇರೆ ಮಣ್ಣಿನಿಂದ ಬಂದವು. ಎಲ್ಲಿಂದ ಬಂತು ಅನ್ನುವ ದಾಖಲೆ ತಪ್ಪಿಹೋದ ನಾಣ್ಯ ಅರ್ಧ ಮೂಕವಾಗಿರುತ್ತದೆ.

ಅದಕ್ಕೇ ಒಂದು ಮಾತು. ಹೊಲ ಉಳುವಾಗ ಸಿಕ್ಕಿತು, ಪಾಯ ತೆಗೆಯುವಾಗ ಸಿಕ್ಕಿತು ಅಂತ ಯಾರಾದರೂ ತಂದರೆ ನಾನು ಕೊಳ್ಳುವುದಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು, ಅದು ಕಾನೂನು. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ನಾವು ನೀವು ದೇಶದ ಹೊರಗೆ ಒಯ್ಯುವಂತಿಲ್ಲ. ಕಾನೂನು ಬಿಟ್ಟರೂ, ಮಡಕೆಯಲ್ಲಿದ್ದ ಗಂಟನ್ನು ಬಿಡಿಸಿ ಹತ್ತು ಜನಕ್ಕೆ ಹಂಚಿದರೆ ಕೋಸಂಬಿ ಮಾಡಿದಂಥ ಕೆಲಸ ಯಾರಿಗೂ ಸಾಧ್ಯವಿಲ್ಲ.

ಏಪ್ರಿಲ್

ಈಗ ಒಂದೇ ಚಿಹ್ನೆಯ ಹಿಂದೆ ಬಿದ್ದಿದ್ದೇನೆ: ಬೆಟ್ಟದ ಮೇಲೆ ಚಂದ್ರ. ಕೆಳಗೆ ಎರಡು ಕಮಾನು, ಮೇಲೊಂದು ಕಮಾನು, ಅದರ ತಲೆಯ ಮೇಲೆ ಅರ್ಧಚಂದ್ರ. ಮಗು ಬಿಡಿಸಬಹುದಾದಷ್ಟು ಸರಳ. ಗೋರಖಪುರ ಜಿಲ್ಲೆಯ ಸೊಹಗೌರಾದಲ್ಲಿ ಸಿಕ್ಕ ತಾಮ್ರಪಟದ ತಲೆಯ ಮೇಲೂ ಇದು ಇದೆ, ಕಟಕಟೆಯೊಳಗಿನ ಮರದ ಜೊತೆಗೆ. ಆ ಪಟ ಉಗ್ರಾಣಗಳ ಬಗ್ಗೆ ಕೊಟ್ಟ ಆಜ್ಞೆ. ಹಾಗಾದರೆ ಈ ಚಿಹ್ನೆ ಬರೀ ಅಲಂಕಾರವಲ್ಲ, ಅಧಿಕಾರದ ಗುರುತೂ ಹೌದು ಅಂತ ನನ್ನ ನಂಬಿಕೆ.

ಮೌರ್ಯರ ಆಳ್ವಿಕೆ ಹೋದರೂ ಬೆಟ್ಟ ಹೋಗಲಿಲ್ಲ. ನಾಸಿಕ ಜಿಲ್ಲೆಯ ಜೋಗಳ್‌ತೆಂಬಿಯಲ್ಲಿ 1906ರಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯ ಸಿಕ್ಕವು. ಕ್ಷಹರಾತ ವಂಶದ ಶಕ ರಾಜ ನಹಪಾನನವು. ಅದರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳ ಮೇಲೆ ಅವನನ್ನು ಸೋಲಿಸಿದ ಶಾತವಾಹನ ರಾಜ ಗೌತಮೀಪುತ್ರ ಶಾತಕರ್ಣಿ ತನ್ನ ಅಚ್ಚು ಒತ್ತಿಸಿದ್ದಾನೆ. ಸೋತವನ ಮುಖದ ಮೇಲೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಉಜ್ಜಯಿನಿ ಚಿಹ್ನೆ, ಅಂದರೆ ನಾಲ್ಕು ತುದಿಗೂ ಒಂದೊಂದು ವೃತ್ತವಿರುವ ಕೂಡು ಗುರುತು. ನಾಣ್ಯ ಕರಗಿಸಲಿಲ್ಲ, ಬೆಟ್ಟ ಒತ್ತಿದರೆ ಸಾಕಾಯಿತು. ಮುಂದೆ ಶಾತವಾಹನರ ಮುಖವಿರುವ ಬೆಳ್ಳಿ ನಾಣ್ಯಗಳಲ್ಲೂ ಬೆಟ್ಟ ಬರುತ್ತದೆ, ಆರು ಕಮಾನಿನದ್ದು. ಅದೇ ಬದಿಯಲ್ಲಿ ದ್ರಾವಿಡ ಭಾಷೆಯ ಬರಹವಿದೆ. ಗೌತಮೀಪುತ್ರನ ಮಗ ಪುಳುಮಾವಿಯ ನಾಣ್ಯದಲ್ಲಿ 'ಮಕನಕು' ಅಂತ ಓದುತ್ತಾರೆ. 'ಮಗನಿಗೆ' ಅನ್ನುವುದು ಕೇಳಿಸುತ್ತದೆ ಅಲ್ವಾ? ಅಂಥ ನಾಣ್ಯ ಕೊಳ್ಳುವ ಶಕ್ತಿ ನನಗಿಲ್ಲ. ಫೋಟೋ ಪ್ರಿಂಟ್ ಮಾಡಿಸಿ ಮೇಜಿನ ಮುಂದೆ ಅಂಟಿಸಿದ್ದೇನೆ.

ಕಳೆದ ಭಾನುವಾರ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಗೆ ಹೋಗಿ ಬಂದೆ, ಅಶೋಕನ ಶಾಸನದ ಬಂಡೆ ನೋಡಲು. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾದ ಸುವರ್ಣಗಿರಿಯಿಂದ ರಾಜಕುಮಾರ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಕಳಿಸಿದ ಮಾತು ಅದು. ಅದನ್ನು ಬರೆದ ಚಪಡ ಅನ್ನುವವನು ಕೊನೆಯಲ್ಲಿ ತನ್ನ ಕಸುಬಿನ ಹೆಸರನ್ನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದು ತಕ್ಷಶಿಲೆಯ ಕಡೆಯ ಲಿಪಿ. ಅಷ್ಟು ದೂರದ ಬರಹ ಮೊಳಕಾಲ್ಮೂರಿನ ಬಂಡೆಗೆ ಬಂದಿದೆ. ಬಿಸಿಲಲ್ಲಿ ಅದರ ಮುಂದೆ ನಿಂತು ಜೇಬಿನಲ್ಲಿದ್ದ ಬಟರ್ ಪೇಪರ್ ತೆಗೆದು ನೋಡಿದೆ. ನಾಣ್ಯ ಮನೆಯಲ್ಲೇ ಬಿಟ್ಟಿದ್ದೆ, ಬೆಟ್ಟದ ಚಿತ್ರ ಮಾತ್ರ ತಂದಿದ್ದೆ.

ಸದ್ಯದ ಲೆಕ್ಕ: ಆರು ನಾಣ್ಯಗಳ ಐದೂ ಚಿಹ್ನೆ ಓದಿ ಆಗಿದೆ. ನಾಲ್ಕು ಮತ್ತು ಒಂಬತ್ತು, ತಲಾ ನಾಲ್ಕು ಚಿಹ್ನೆ. ಎರಡನೆಯದರಲ್ಲಿ ಇನ್ನೂ ಎರಡು ಬಾಕಿ. ಏಳನೆಯದು ಉಜ್ಜಿದ ಹಾಗೇ ಇದೆ. ನಿನ್ನೆ ಸಂಜೆ ಟಾರ್ಚನ್ನು ಇನ್ನೂ ಕೆಳಕ್ಕೆ ಹಿಡಿದಾಗ ಅದರ ಹಿಂಭಾಗದಲ್ಲಿ, ಅಳಿಸಿಹೋಯಿತು ಅಂದುಕೊಂಡಿದ್ದ ಜಾಗದಲ್ಲಿ, ಒಂದು ಸಣ್ಣ ಕಮಾನಿನ ಬೆನ್ನು ಕಂಡಿತು. ಪೇಪರಿನ ಮೇಲೆ ಅಷ್ಟನ್ನೇ ಬಿಡಿಸಿ ಇಟ್ಟಿದ್ದೇನೆ.